ಮೀನು ಮುಟ್ಟದವರ ಗಾಳ

ಪುಟ್ಟಮಲ್ಲಪ್ಪ ಊಟಕ್ಕೆ ಕುಳಿತರೆ ಅವರ ಬಲ ಮೊಣಕಾಲು ಕುಣಿಯುತ್ತಿತ್ತು. ತಟ್ಟೆಯ ಪಕ್ಕದಲ್ಲಿಟ್ಟ ಚೆಂಬಿನ ನೀರಿನಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದವು. ಚೆಂಬನ್ನು ಒಂದು ಮೊಳ ದೂರ ಸರಿಸಿ ಇಡುವುದನ್ನು ಹೆಂಡತಿ ಮಂಗಳಗೌರಿ ಮದುವೆಯಾದ ವರ್ಷವೇ ರೂಢಿಸಿಕೊಂಡಿದ್ದರು.

1996ರಲ್ಲಿ ಅವರಿಗೆ ನಲವತ್ತು ವರ್ಷ. ಊರು ಹಂಗಳ. ಕೆಲಸ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಲಾರಿ ಗ್ಯಾರೇಜುಗಳ ಸಾಲಿನ ಒಂದು ಬ್ಯಾಟರಿ ಅಂಗಡಿಯಲ್ಲಿ. ಅದು ಅವರ ಎಂಟನೆಯ ಕೆಲಸ. ಅದಕ್ಕೆ ಮೊದಲು ಅರಿಸಿನ ಬೇಯಿಸುವ ಒಲೆಯ ಮುಂದೆ ನಿಂತಿದ್ದರು. ಪಂಪ್‌ಸೆಟ್ ಬಿಚ್ಚಿ ಜೋಡಿಸಿದ್ದರು. ಕೇರಳಕ್ಕೆ ತರಕಾರಿ ಒಯ್ಯುವ ಲಾರಿಯಲ್ಲಿ ಕ್ಲೀನರಾಗಿದ್ದರು. ಚಾಮರಾಜನಗರದ ಕರಿಕಲ್ಲು ಪಾಲಿಷ್ ಮಾಡುವ ಕಾರ್ಖಾನೆಯೊಂದರಲ್ಲಿ ಮಾತ್ರ ಮೂರು ವರ್ಷ ಇದ್ದರು. ಯಾರೂ ಅವರನ್ನು ಕೆಲಸದಿಂದ ತೆಗೆದದ್ದಿಲ್ಲ. ಎಲ್ಲವನ್ನೂ ಅವರಾಗಿಯೇ ಬಿಟ್ಟರು. ಕಾರಣ ಕೇಳಿದರೆ, “ಸಾಕಾಯ್ತು” ಅನ್ನುತ್ತಿದ್ದರು.

“ಇವ ಕೂತ್ಕಂಡ ಜಾಗ ಬೆಚ್ಚಗಾಗಕಿಲ್ಲ ಕಣವ್ವ,” ಎಂದು ತಾಯಿ ಗುರುಸಿದ್ದಮ್ಮ ಸೊಸೆಗೆ ಮೊದಲ ದಿನವೇ ಹೇಳಿದ್ದರಂತೆ.

ಅವರು ಬಿಡದೆ ಹಿಡಿದುಕೊಂಡ ಒಂದೇ ಕೆಲಸವಿತ್ತು. ಅದು ಅವರ ಉದ್ಯೋಗವಾಗಿರಲಿಲ್ಲ. ಅವರು ಮೀನಿನ ಗಾಳಕ್ಕೆ ಸೀಸದ ತಲೆ ಎರಕ ಹೊಯ್ಯುತ್ತಿದ್ದರು. ಮೀನು ತಿನ್ನದ, ಮೀನು ಮುಟ್ಟದ, ಕೊರಳಲ್ಲಿ ಲಿಂಗ ಕಟ್ಟಿದ ಮನೆತನದವರು.

ಅದು ಶುರುವಾದದ್ದು ಎರಡು ವರ್ಷ ಹಿಂದೆ, ಗೋವಿಂದಯ್ಯನವರಿಂದ. ಗೋವಿಂದಯ್ಯ ಹಂಗಳದ ಕೆರೆಯ ಕೆಳಗಿನ ಬೀದಿಯವರು. ಬೇಸಿಗೆಯಲ್ಲಿ ಮದ್ದೂರು ವಲಯದ ಕಾಡಿನಲ್ಲಿ ಬೆಂಕಿ ಕಾಯುವ ದಿನಗೂಲಿ, ಉಳಿದ ದಿನ ಕೆರೆಯಲ್ಲಿ ಗಾಳ. ನಾಲ್ಕನೆಯ ತರಗತಿಯವರೆಗೆ ಇಬ್ಬರೂ ಒಂದೇ ಶಾಲೆ. ಗುರುಸಿದ್ದಮ್ಮ ಎದುರಿಗಿದ್ದರೆ ಗೋವಿಂದಯ್ಯ ಗೆಳೆಯನನ್ನು “ಸ್ವಾಮ್ಯಾರೇ” ಎನ್ನುತ್ತಿದ್ದರು. ಅವರು ಒಳಗೆ ಹೋದ ಕೂಡಲೇ ಅದು “ಲಾ” ಆಗುತ್ತಿತ್ತು.

ವಯನಾಡಿನ ಕಡೆಯ ಎಸ್ಟೇಟಿನ ಜೀಪೊಂದು ಕೆರೆ ಏರಿಯ ಮೇಲೆ ನಿಂತು ಹೋದ ಮರುದಿನ ಅಲ್ಲಿ ಅವರಿಗೊಂದು ಗಾಳ ಸಿಕ್ಕಿತು. ಅದನ್ನು ತೊಳೆದು, ಅರಳಿ ಎಲೆಯಲ್ಲಿ ಸುತ್ತಿಕೊಂಡು, ಬ್ಯಾಟರಿ ಅಂಗಡಿಗೇ ಬಂದರು.

“ಇದ ನೋಡ್ಲಾ. ಗಾಳದ ಕತ್ತಿಗ ಸೀಸದ ತಲೆ ಕೂರ್ಸವ್ರ. ಇಂಥದ್ದು ನಿನ್ ಕೈಲಿ ಆಯ್ತದಾ?”

“ಯಾತಕ್ಕ ಇದು?”

“ನಮ್ ಕೆರೆ ಒಳಗ ಜಾಲಿ ಬೊಡ್ಡೆ ಎಷ್ಟವ ಗೊತ್ತಾ? ಗಾಳ ಬುಟ್ರ ಬೊಡ್ಡೆ ಕಚ್ಕತದ, ಎಳುದ್ರ ದಾರ ಕಿತ್ತೋಯ್ತದ. ಮೀನ್‌ಗಿಂತ ಜಾಸ್ತಿ ಮರ ಇಡ್ದಿವ್ನಿ ನಾನು.”

ವಿಷಯ ನಿಜವಾಗಿತ್ತು. ಕೆರೆಯಂಗಳದಲ್ಲಿ ಹಿಂದೆ ನೆಟ್ಟಿದ್ದ ಜಾಲಿ ಮರಗಳನ್ನು ಕಡಿದಮೇಲೆ ಬೊಡ್ಡೆಗಳು ನೀರಿನಡಿಯಲ್ಲಿ ಉಳಿದಿದ್ದವು. ಕೊರವ ಮೀನು ಇರುವುದು ಆ ಬೊಡ್ಡೆಗಳ ಸಂದಿಯಲ್ಲೇ. ಅದು ಸತ್ತ ಎರೆಗೆ ಬರುವುದಿಲ್ಲ. ಬೆರಳುದ್ದದ ಜೀವಂತ ಮೀನುಮರಿಯನ್ನು ತುಟಿಗೆ ಚುಚ್ಚಿ ಬಿಡಬೇಕು. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರದ ಮೇಲಿರುತ್ತದೆ, ಗಾಳದ ಮೊನೆ ಕೆಳಮುಖವಾಗಿ ಬಿದ್ದು ಬೊಡ್ಡೆಗೆ ಸಿಕ್ಕಿಕೊಳ್ಳುತ್ತದೆ. ಜೀಪಿನವರ ಗಾಳದಲ್ಲಿ ಸೀಸ ಗಾಳದ ಕತ್ತಿನಲ್ಲೇ ಇತ್ತು, ದಾರ ಕಟ್ಟುವ ಕಣ್ಣು ಸೀಸದ ನೆತ್ತಿಯಿಂದ ಮೇಲೆದ್ದಿತ್ತು. ತಲೆಯ ಭಾರಕ್ಕೆ ಮೊನೆ ಸದಾ ಮೇಲ್ಮುಖವಾಗುತ್ತದೆ. ಪುಟ್ಟಮಲ್ಲಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು, ತೂಗಿ, ತಿರುಗಿಸಿ, ಒಂದೇ ಸಲಕ್ಕೆ ಇಷ್ಟನ್ನೂ ಅರ್ಥ ಮಾಡಿಕೊಂಡರು. ಆಮೇಲೆ ಕೇಳಿದರು:

“ಇದು ಮೀನ್ ಮುಟ್ಟಿದ್ದಾ?”

“ಮುಟ್ಟಿಲ್ಲ ಕಣ್ಲಾ. ಒಸದು. ಎಲೇಲಿ ಸುತ್ಕಂಡ್ ಬಂದಿವ್ನಿ, ಪ್ರಸಾದ ತಂದಂಗ.”

ಅಂಗಡಿಯ ಹಿಂದೆ ಸತ್ತ ಬ್ಯಾಟರಿಗಳ ಪ್ಲೇಟುಗಳ ರಾಶಿಯಿತ್ತು. ಒಡೆಯರು ಬೇಕಾದಷ್ಟು ತೆಗೆದುಕೊ ಎಂದರು.

ಮೊದಲ ಅಚ್ಚನ್ನು ಹುತ್ತದ ಮಣ್ಣಿನಲ್ಲಿ ಮಾಡಿದರು. ಅದು ಪೂರ್ತಿ ಆರಿರಲಿಲ್ಲ. ಕಾದ ಸೀಸ ಒಳಗಿಳಿದ ಕ್ಷಣ ತೇವ ಆವಿಯಾಗಿ ಸೀಸವನ್ನು ಹಿಂದಕ್ಕೆ ಉಗುಳಿತು. ಒಂದು ಹನಿ ಎಡ ಹುಬ್ಬಿಗೆ ಬಿತ್ತು. ಆ ಗುರುತು ಕೊನೆಯವರೆಗೂ ಉಳಿಯಿತು. ಎರಡನೆಯ ಅಚ್ಚು ಬಳಪದ ಕಲ್ಲಿನದು. ಕರಿಕಲ್ಲು ಕಾರ್ಖಾನೆಯಲ್ಲಿ ಕಲಿತ ಕೈ ಅಲ್ಲಿ ಉಪಯೋಗಕ್ಕೆ ಬಂತು. ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಎರಡು ಹೋಳುಗಳಲ್ಲಿ ಒಂದೊಂದು ಅರ್ಧ ತಲೆ ಕೆತ್ತಿ, ಗಾಳ ಕೂರಲು ಗೆರೆ ಕೊರೆದು, ಸೀಸ ಇಳಿಯಲು ಮೇಲೊಂದು ಬಾಯಿ ಬಿಟ್ಟರು. ಮೈಸೂರಿನಿಂದ ತರಿಸಿದ ಗಾಳದ ಕತ್ತನ್ನು ದೀಪದ ಉರಿಯಲ್ಲಿ ಕಾಯಿಸಿ ಇಕ್ಕಳದಿಂದ ಬಗ್ಗಿಸಬೇಕು. ಅಚ್ಚಿನ ಒಳಮೈಗೆ ಬುಡ್ಡಿದೀಪದ ಮಸಿ ಹಿಡಿಸಬೇಕು, ಇಲ್ಲದಿದ್ದರೆ ಸೀಸ ಅರ್ಧದಲ್ಲೇ ಹೆಪ್ಪುಗಟ್ಟುತ್ತದೆ. ಬಾಣಲಿಯಲ್ಲಿ ಕರಗಿದ ಸೀಸಕ್ಕೆ ಪೊರಕೆಕಡ್ಡಿ ಅದ್ದಿ ನೋಡಬೇಕು. ಕಡ್ಡಿ ಕಂದಿದರೆ ಹದ, ಹೊತ್ತಿಕೊಂಡರೆ ಹೆಚ್ಚಾಯಿತು. ಮೇಲೆ ಕಟ್ಟುವ ಬೂದು-ಹಳದಿ ಕಿಟ್ಟವನ್ನು ಸೌಟಿನಿಂದ ಕೆರೆದು ಹಾಕಿ, ಉಸಿರು ಬಿಗಿಹಿಡಿದು, ಒಂದೇ ಧಾರೆಯಲ್ಲಿ ಹೊಯ್ಯಬೇಕು.

ಆ ಧಾರೆ ಇಳಿಯುವಾಗ ಪುಟ್ಟಮಲ್ಲಪ್ಪನವರ ಮೊಣಕಾಲು ಕುಣಿಯುತ್ತಿರಲಿಲ್ಲ. ಅದನ್ನು ಮೊದಲು ಕಂಡವರು ಮಂಗಳಗೌರಿ. ಹನ್ನೆರಡು ವರ್ಷದ ಸಂಸಾರದಲ್ಲಿ ಗಂಡ ಕಲ್ಲಿನಂತೆ ಕೂತದ್ದನ್ನು ಅವರು ಕಂಡದ್ದು ಅದೇ ಮೊದಲು. ಹೆದರಿ, “ಏನಾಯ್ತು?” ಎಂದು ಕೇಳಿದರಂತೆ.

ಅಗ್ಗಿಷ್ಟಿಕೆಯನ್ನು ಮೊದಲ ದಿನ ಇಟ್ಟದ್ದು ಮನೆ ಮುಂದಿನ ಜಗಲಿಯ ಮೇಲೆ. ಬೀದಿಯಲ್ಲಿ ಗಾಳಿ ಚೆನ್ನಾಗಿ ಆಡುತ್ತಿತ್ತು, ಬೆಳಕಿತ್ತು. ಗುರುಸಿದ್ದಮ್ಮ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನಪ್ಪ ಇದು?”

“ಗಾಳ ಕಣವ್ವ.”

“ಮೀನ್ ಇಡಿಯ ಗಾಳವಾ? ಪೂಜೆ ಮಾಡ ಕೈಲಿ ಇದ ಮಾಡಿಯಾ? ಓಗ ಬರೋರು ಏನಂದಾರು?”

“ನಾನೇನ್ ಮೀನ್ ಮುಟ್ನವ್ವ? ಸೀಸ ಇದು.”

ತಾಯಿ ಬಗ್ಗಿ ಬಾಣಲಿಯೊಳಗೆ ನೋಡಿದರು. ಅವರ ತೀರ್ಪು ಎರಡು ಭಾಗದಲ್ಲಿ ಬಂತು. “ಸೀಸಕ್ಕ ಮೈಲಿಗೆ ಇಲ್ಲ. ತಾಮ್ರ, ಕಂಚು, ಸೀಸ ಎಲ್ಲಾ ಬೆಂಕೀಲಿ ಶುದ್ಧ. ಆದ್ರ ಜಗಲಿ ಮ್ಯಾಲ ಬ್ಯಾಡ. ಕೊಟ್ಗೇಗ ತಕ್ಕೋಗು. ಬಾಗ್ಲು ಆಕ್ಕೊ.”

ಹೀಗೆ ಕೆಲಸ ಹಿತ್ತಲ ಕೊಟ್ಟಿಗೆಗೆ ಹೋಯಿತು. ಅದಕ್ಕೆ ಕಿಟಕಿ ಇರಲಿಲ್ಲ. ಬಾಗಿಲು ಮುಚ್ಚಿದರೆ ಹಂಚಿನ ಸಂದಿಯಿಂದ ಬಂದಷ್ಟೇ ಬೆಳಕು.

ಮನೆಯಲ್ಲಿ ನಿಯಮಗಳು ತಾವಾಗಿಯೇ ಹುಟ್ಟಿಕೊಂಡವು. ಗಾಳ ಹೊಸದೇ ಆಗಿರಬೇಕು. ಒಮ್ಮೆ ಕೆರೆಗಿಳಿದದ್ದು, ಮೀನು ಮುಟ್ಟಿದ್ದು, ಬಾಗಿದರೂ ಮುರಿದರೂ ಹಿತ್ತಲ ಗೇಟು ದಾಟಿ ಒಳಗೆ ಬರಕೂಡದು. ಕೆಲಸ ಮುಗಿಸಿದ ಪುಟ್ಟಮಲ್ಲಪ್ಪ ಸ್ನಾನ ಮಾಡಿಯೇ ಅಡುಗೆಮನೆಗೆ ಬರಬೇಕು. ಆ ಸ್ನಾನ ಎಂದೂ ಬಾರದ ಮೀನಿಗಾಗಿ. ಸೀಸದ ಬಗ್ಗೆ ಯಾವ ನಿಯಮವೂ ಇರಲಿಲ್ಲ. ಕರಗಿಸಿದ ಬಾಣಲಿಯನ್ನು ಮಂಗಳಗೌರಿ ಉಳಿದ ಪಾತ್ರೆಗಳ ಜತೆಗೇ ಬೆಳಗಿ ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಸೀಸದ ಸೌಟು ಒಲೆಯ ಪಕ್ಕದ ಮೊಳೆಗೇ ನೇತುಬೀಳುತ್ತಿತ್ತು.

ಎರಡು ವರ್ಷದಲ್ಲಿ ಆ ತಲೆಗಳಿಗೆ ಹೆಸರು ಬಂತು. ಹರದನಹಳ್ಳಿ ಕಡೆಯಿಂದಲೂ ಗಾಳದವರು ಬಸ್ಸಿನಲ್ಲಿ ಬಂದು ಬ್ಯಾಟರಿ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಆದರೆ ಮಾಡುವವರಿಗೆ ತಾವು ಮಾಡಿದ್ದು ನೀರಿನಲ್ಲಿ ಹೇಗೆ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ. ಕೆರೆಗೆ ಅವರು ಹೋಗುತ್ತಿರಲಿಲ್ಲ. ಗೋವಿಂದಯ್ಯ ಬಂದಾಗಲೆಲ್ಲ ಗೇಟಿನ ಆಚೆ ಈಚೆ ನಿಂತು ವಿಚಾರಣೆ ನಡೆಯುತ್ತಿತ್ತು.

“ಇಳಿವಾಗ ಎಂಗಿಳೀತದ? ನೆಟ್ಟಗಾ, ವಾರೆಯಾ?”

“ಇಂಗ,” ಎಂದು ಗೋವಿಂದಯ್ಯ ಅಂಗೈಯನ್ನು ಮೀನು ಮಾಡಿ ನೆಟ್ಟಗೆ ಇಳಿಸುತ್ತಿದ್ದರು.

“ಮರಿ ಬಾಲ ಅಳ್ಳಾಡುಸ್ತದಾ?”

“ಇಂಗ.” ಬೆರಳುಗಳು ಅಲ್ಲಾಡುತ್ತಿದ್ದವು.

“ಸರ್ಯಾಗಿ ಯೋಳ್ಲಾ.”

“ನಾನೇನ್ ಮೀನಾ? ಬಾ ನೋಡು ಅಂದ್ರ ಬರಕಿಲ್ಲ. ಹುಡ್ಗೀನ ನೋಡ್ದೆ ತಾಳಿ ಕಟ್ಟೋನಂಗ ಆಡ್ತಿಯಲ್ಲ!”

ಗೋವಿಂದಯ್ಯ ಹೇಳಿದ್ದನ್ನೆಲ್ಲ ಪುಟ್ಟಮಲ್ಲಪ್ಪ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು. ತಲೆಯ ಕೆನ್ನೆ ಚಪ್ಪಟೆಯಾದರೆ ಏನಾಗುತ್ತದೆ, ಕಣ್ಣು ಅರ್ಧ ನೂಲು ಹಿಂದಕ್ಕೆ ಹೋದರೆ ಏನಾಗುತ್ತದೆ. ಗೋಡೆ ತುಂಬ ಕಣ್ಣಿಲ್ಲದ ಮೀನುಗಳು.

ಎರಡನೆಯ ವರ್ಷ ಅವರ ಚಡಪಡಿಕೆ ಹೆಚ್ಚಾಯಿತು. ಹೊಯ್ಯುವಾಗ ನಿಲ್ಲುತ್ತಿದ್ದ ಮೊಣಕಾಲು ಉಳಿದ ಹೊತ್ತಿನಲ್ಲಿ ಇಮ್ಮಡಿಯಾಗಿ ಕುಣಿಯಿತು. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗುತ್ತಿದ್ದರು. ಹೊಟ್ಟೆ ಹಿಂಡುತ್ತಿತ್ತು. ನಿದ್ದೆ ತುಂಡುತುಂಡಾಯಿತು. ಸಣ್ಣ ಮಾತಿಗೆ ರೇಗಿ ಎದ್ದು ಬೀದಿಗೆ ಹೋಗುತ್ತಿದ್ದರು. ಒಂದು ದಿನ ಅಂಗಡಿಯಲ್ಲಿ ಟೀ ಲೋಟ ಕೈಯಿಂದ ಜಾರಿತು. ಮುಂಗೈ ಎತ್ತಿ ಹಿಡಿಯಲು ಹೋದರೆ ಅದು ಬಾಡಿದ ಎಲೆಯ ಹಾಗೆ ಬಗ್ಗಿತು. ಬೀಡಿ ಸೇದಿದರೆ ನಾಲಿಗೆಗೆ ಸಿಹಿ ಹತ್ತುತ್ತಿತ್ತು. ತಾಯಿ ದೃಷ್ಟಿ ತೆಗೆದರು. ಮಂಗಳಗೌರಿ, “ಒಂದ್ಸಲ ಆಸ್ಪತ್ರೆಗ ಓಗಿ ಬನ್ನಿ” ಎಂದರು.

“ಆಸ್ಪತ್ರೇಲಿ ಏನಂತ ಯೋಳ್ಲಿ? ಕೂರಕಾಗಕಿಲ್ಲ ಅಂತಲಾ?”

“ಊಂ, ಅಂಗೇ ಯೋಳಿ.”

“ಅಲ್ಲಿ ಗಂಟೆಗಟ್ಲೆ ಕೂರುಸ್ತಾರ ಕಣಮ್ಮಿ!”

ಅದು ಅಲ್ಲಿಗೆ ನಿಂತಿತು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಕರುವಿಗೆ ಕಾಯಿಲೆಯಾಯಿತು. ನಾಲ್ಕು ತಿಂಗಳ ಹೆಣ್ಣುಗರು, ಕೆಂದ ಬಣ್ಣ. ಅದನ್ನು ಕಟ್ಟುತ್ತಿದ್ದದ್ದು ಕೊಟ್ಟಿಗೆಯಲ್ಲಿ, ಅಗ್ಗಿಷ್ಟಿಕೆಯಿಂದ ಮೂರು ಮಾರು ಆಚೆ. ಒಂದು ಬೆಳಿಗ್ಗೆ ಅದು ಗೂಟದ ಸುತ್ತ ಸುತ್ತತೊಡಗಿತು. ಹಗ್ಗ ಪೂರ್ತಿ ಸುತ್ತಿಕೊಂಡು ಮುಖ ಗೂಟಕ್ಕೆ ತಾಗುವವರೆಗೆ ಸುತ್ತುವುದು, ಬಿಡಿಸಿದರೆ ಮತ್ತೆ ಸುತ್ತುವುದು. ಹಲ್ಲು ಕಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಣೆಯನ್ನು ಗೋಡೆಗೆ ಒತ್ತಿಕೊಂಡು ನಿಂತಿತು. ಇದ್ದಿಲಿನ ಮೀನುಗಳು ಅದರ ಹಣೆಯಲ್ಲಿ ಕಪ್ಪಾಗಿ ಮೂಡಿದವು.

ಗುರುಸಿದ್ದಮ್ಮ ಅದನ್ನು ಕಂಡು ಅಲ್ಲೇ ಕುಸಿದು ಕುಳಿತರು.

“ನೋಡುದ್ಯಾ? ಮೀನಿನ ಪಾಪ ಕರಾಗ ಸುತ್ಕತು. ನಿಂಗ ತಟ್ಟನಿಲ್ಲ, ಬಾಯಿಲ್ಲದ ಜೀವಕ್ಕ ತಟ್ತು.”

“ಅವ್ವ, ಮೀನು ಈ ಮನ ಒಳಕ್ಕ ಬಂದಿಲ್ಲ.”

“ಮೀನು ಬರ್ಬೇಕಾ? ನಿನ್ ಮನ್ಸೆಲ್ಲ ಮೀನಾಗದ! ಗ್ವಾಡ ನೋಡು. ಸೋಮಾರದ ಒಳಗ ಆ ಅಚ್ಚ ಕೆರೇಗ ಆಕ್ಬುಡು. ಇಲ್ಲಾಂದ್ರ ನಾನೇ ಆಕ್ತೀನಿ.”

ಅಂದು ಶುಕ್ರವಾರ. ಪುಟ್ಟಮಲ್ಲಪ್ಪ ಕರುವನ್ನು ನೋಡಿದರು, ಗೂಡಿನಲ್ಲಿದ್ದ ಅಚ್ಚನ್ನು ನೋಡಿದರು. ಏಳು ಕೆಲಸಗಳನ್ನು ಅಂಗಿ ಕಳಚಿದಷ್ಟು ಸುಲಭವಾಗಿ ಬಿಟ್ಟ ಮನುಷ್ಯನಿಗೆ ಆ ಅಂಗೈಯಗಲದ ಕಲ್ಲನ್ನು ಬಿಡುವ ಯೋಚನೆಯೇ ಮೈ ಬೆವರಿಸಿತು. ಸೈಕಲ್ ಹತ್ತಿ ಗುಂಡ್ಲುಪೇಟೆಯಿಂದ ದನದ ಡಾಕ್ಟರನ್ನು ಕರೆತರಲು ಹೋದರು.

ಡಾಕ್ಟರು ರವಿಕುಮಾರ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಯುವಕ. ಕೊಟ್ಟಿಗೆಯ ಬಾಗಿಲು ಪೂರ್ತಿ ತೆರೆಸಿದರು. ಕರುವಿನ ಕಣ್ಣ ಮುಂದೆ ಕೈ ಬೀಸಿದರು. ರೆಪ್ಪೆ ಮಿಟುಕಲಿಲ್ಲ. ನೆಲವನ್ನು ನೋಡುತ್ತ ನಡೆದವರು ಅಗ್ಗಿಷ್ಟಿಕೆಯ ಪಕ್ಕದ ಚಪ್ಪಡಿಯ ಬಳಿ ನಿಂತರು. ಕೊಟ್ಟಿಗೆಯ ನೆಲವೆಲ್ಲ ಗಂಜಲ, ಹುಲ್ಲು. ಆ ಒಂದು ಚಪ್ಪಡಿ ಮಾತ್ರ ತೊಳೆದಂತೆ ನುಣ್ಣಗಿತ್ತು.

“ಇಲ್ಲಿ ಏನು ಹಾಕ್ತಿದ್ರಿ?”

“ಸೀಸದ ಕಿಟ್ಟ ಸಾ. ಕೆರ್ದು ಅಲ್ಲೇ ಆಕ್ತಿದ್ದೆ.”

“ಹಗ್ಗ ಇಲ್ಲಿಗೆ ಎಟುಕುತ್ತಾ?”

ಪುಟ್ಟಮಲ್ಲಪ್ಪ ಹಗ್ಗ ಎಳೆದು ನೋಡಿದರು. ಎಟುಕುತ್ತಿತ್ತು.

“ಕರು ನೆಕ್ಕಿದೆ. ತಿಂಗಳುಗಟ್ಟಲೆ ನೆಕ್ಕಿರಬೇಕು. ಸೀಸ ವಿಷ. ತಲೆಗೇರಿದೆ.” ಡಾಕ್ಟರು ಚೀಲ ಬಿಚ್ಚುತ್ತ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: “ದನಗಳಿಗೆ ಇದರ ರುಚಿ ಯಾಕೆ ಹತ್ತುತ್ತೋ ಏನೋ.”

“ಸಿಹಿ ಇರ್ತದ ಸಾ ಅದು.”

ಡಾಕ್ಟರ ಕೈ ನಿಂತಿತು. “ನಿಮಗೆ ಹೇಗೆ ಗೊತ್ತು?”

ಪುಟ್ಟಮಲ್ಲಪ್ಪ ತುಟಿ ಒರೆಸಿಕೊಂಡರು. ಮೊಣಕಾಲು ಕುಣಿಯುತ್ತಿತ್ತು.

“ಬಾಯಿ ತೆಗೀರಿ.”

“ನಾನಾ?”

“ಕರೂದು ಆಗಲೇ ನೋಡಿದೆ.”

ಬೆಳಕಿಗೆ ಕರೆದು, ಕೆಳದುಟಿ ಎಳೆದು ನೋಡಿದರು. ಒಸಡಿನ ಅಂಚಿನುದ್ದಕ್ಕೂ, ಪೆನ್ಸಿಲಿನಲ್ಲಿ ಎಳೆದ ಹಾಗೆ, ಒಂದು ನೀಲಿ ಗೆರೆಯಿತ್ತು.

“ನಾನು ದನದ ಡಾಕ್ಟರು. ಮನುಷ್ಯರಿಗೆ ಔಷಧಿ ಕೊಡೋ ಹಾಗಿಲ್ಲ. ಆದರೆ ಈ ಗೆರೇನ ಪುಸ್ತಕದಲ್ಲಿ ನೋಡಿದ್ದೀನಿ. ನಾಳೆಯೇ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ. ಮನೆಯವರನ್ನೂ ಕರ್ಕೊಂಡು ಹೋಗಿ.” ಆಮೇಲೆ ಸುತ್ತ ನೋಡಿ ಕೇಳಿದರು: “ಇಷ್ಟು ದೊಡ್ಡ ಜಗಲಿ ಇದೆ, ಗಾಳಿ ಇದೆ. ಬಯಲಲ್ಲಿ ಮಾಡಿದ್ದರೆ ಹೊಗೆ ಅರ್ಧಕ್ಕರ್ಧ ಹೋಗ್ತಿತ್ತು. ಕಿಟ್ಟ ಬಿದ್ದದ್ದೂ ಕಾಣ್ತಿತ್ತು. ಈ ಕತ್ತಲೆ ಗೂಡಲ್ಲಿ, ಬಾಗಿಲು ಮುಚ್ಕೊಂಡು, ಯಾಕೆ ಮಾಡಿದ್ರಿ?”

ಬಾಗಿಲಲ್ಲಿ ಗುರುಸಿದ್ದಮ್ಮ ನಿಂತಿದ್ದರು. ಮಗ ತಾಯಿಯ ಕಡೆ ನೋಡಲಿಲ್ಲ.

“ಸುಮ್ಕೇ ಸಾ. ನಂಗ ಅಭ್ಯಾಸ.”

ಗುರುಸಿದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಕರುವಿಗೆ ಭೇದಿ ಉಪ್ಪು ಕುಡಿಸಿದರು, ಸೂಜಿ ಹಾಕಿದರು. ಮರುದಿನ ಪುಟ್ಟಮಲ್ಲಪ್ಪ ಹೆಂಡತಿ, ತಾಯಿಯೊಡನೆ ಮೈಸೂರಿನ ಬಸ್ಸು ಹತ್ತಿದರು. ಹೆಂಗಸರಿಬ್ಬರ ಒಸಡಿನಲ್ಲಿ ಗೆರೆ ಇರಲಿಲ್ಲ. ರಕ್ತದಲ್ಲಿ ಸ್ವಲ್ಪ ಇದೆ, ಬಾಣಲಿ ಸೌಟು ಎಸೆದರೆ ಸಾಕು ಎಂದರು. ಪುಟ್ಟಮಲ್ಲಪ್ಪನವರನ್ನು ಒಂಬತ್ತು ದಿನ ಇರಿಸಿಕೊಂಡರು. ಮಂಗಳಗೌರಿ ಅಲ್ಲೇ ಉಳಿದರು. ಗುರುಸಿದ್ದಮ್ಮ ಮಾತ್ರ ದನದ ಡಾಕ್ಟರು ಬರೆದುಕೊಟ್ಟಿದ್ದ ಕರುವಿನ ಔಷಧಿ ಹಿಡಿದುಕೊಂಡು ಒಬ್ಬರೇ ಊರಿಗೆ ಮರಳಿದರು. ಎಪ್ಪತ್ತು ದಾಟಿದ ಅವರು ಮೈಸೂರಿನಿಂದ ಒಂಟಿಯಾಗಿ ಬಸ್ಸಿನಲ್ಲಿ ಬಂದದ್ದು ಅದೇ ಮೊದಲು.

ಬಿಡುಗಡೆಯ ದಿನ ಆಸ್ಪತ್ರೆಯ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಇನ್ನು ಸೀಸ ಕರಗಿಸುವಂತಿಲ್ಲ. ಬ್ಯಾಟರಿ ಅಂಗಡಿಗೂ ಹೋಗುವಂತಿಲ್ಲ. ಹಾಗಿದ್ದರೆ ಮುಂಗೈಗೆ ಶಕ್ತಿ ಬರಬಹುದು. ಇಲ್ಲದಿದ್ದರೆ ಆ ಕೈ ಎಂದಿಗೂ ಏಳುವುದಿಲ್ಲ.

“ಈ ಚಡಪಡಿಕೇನೂ ಓಯ್ತದಾ ಸಾ?”

“ಯಾವಾಗಿಂದ ಇದೆ?”

“ಹುಟ್ದಾಗಿಂದ,” ಎಂದರು ಮಂಗಳಗೌರಿ.

“ಹಾಗಾದರೆ ಎಲ್ಲವೂ ಸೀಸದ್ದಲ್ಲ,” ಎಂದರು ಡಾಕ್ಟರು, ಚೀಟಿಯಿಂದ ತಲೆ ಎತ್ತದೆ.

ಊರಿಗೆ ಬಂದಾಗ ಕರು ಬದುಕಿತ್ತು. ಸುತ್ತುವುದು ನಿಂತಿತ್ತು. ಎಡಗಣ್ಣು ಮಾತ್ರ ಹೋಗಿತ್ತು. ಸೋಮವಾರ ಕಳೆದು ವಾರವಾಗಿತ್ತು. ಅಚ್ಚು ಗೂಡಿನಲ್ಲೇ ಇತ್ತು. ಗುರುಸಿದ್ದಮ್ಮ ಅದನ್ನು ಕೆರೆಗೆ ಹಾಕಿರಲಿಲ್ಲ, ಹಾಕು ಎಂದು ಮತ್ತೆ ಹೇಳಲೂ ಇಲ್ಲ. ಚಪ್ಪಡಿಯನ್ನು ಮಾತ್ರ ಆಳಿನ ಕೈಲಿ ಕೀಳಿಸಿ ದೂರದಲ್ಲಿ ಹೂಳಿಸಿದ್ದರು. ಗೋಡೆಗೆ ಸುಣ್ಣ ಬಳಿಸಿದ್ದರು.

ಪುಟ್ಟಮಲ್ಲಪ್ಪನವರಿಗೆ ದಿನಗಳು ಹೋಗಲಿಲ್ಲ. ಬೆಳಿಗ್ಗೆ ಎದ್ದು ಕೆಲಸವಿಲ್ಲದೆ ಗುಂಡ್ಲುಪೇಟೆಯ ದಾರಿ ಹಿಡಿಯುತ್ತಿದ್ದರು, ಅರ್ಧಕ್ಕೆ ತಿರುಗಿ ಬರುತ್ತಿದ್ದರು. ಹಸುವನ್ನು ಬಿಚ್ಚಿ ಬೇರೆ ಗೂಟಕ್ಕೆ ಕಟ್ಟುತ್ತಿದ್ದರು, ಮತ್ತೆ ಮೊದಲಿನದಕ್ಕೆ ಕಟ್ಟುತ್ತಿದ್ದರು. ಬಿಡಿಸಿಟ್ಟ ಅವರೆಕಾಳನ್ನು ಇನ್ನೊಮ್ಮೆ ಆರಿಸುತ್ತಿದ್ದರು. “ಒಂದ್ ಗಳಿಗೆ ಕೂತ್ಕಳಿ” ಎಂದು ಮಂಗಳಗೌರಿ ಅಂದರೆ ಕೂರುತ್ತಿದ್ದರು, ಅವರು ಅತ್ತ ತಿರುಗುವಷ್ಟರಲ್ಲಿ ಎದ್ದಿರುತ್ತಿದ್ದರು.

ಗೋವಿಂದಯ್ಯ ಗೇಟಿನ ಬಳಿ ಬಂದರು. ಕೆರೆಯ ನೀರು ಇಳಿಯುತ್ತಿತ್ತು. ಕೊರವ ಸಿಗುವ ಕಾಲ. ಅವರ ಬಳಿ ಎರಡೇ ತಲೆಗಳು ಉಳಿದಿದ್ದವು.

“ಅಚ್ಚು ನಂಗ ಕೊಡ್ಲಾ. ನಾನೇ ಉಯ್ಕತೀನಿ.”

“ನಿನ್ ಒಸ್ಡೂ ನೀಲಿ ಆಗ್ಬೇಕಾ?”

“ಎಲಡ್ಕ ತಿಂದ್ ತಿಂದ್ ನಮ್ಮೊಸ್ಡು ಕೆಂಪಾಗದ. ನೀಲಿ ಬಂದ್ರೂ ಕಾಣಕಿಲ್ಲ ಬುಡು.”

“ಕಾಣ್ದೆ ಓದ್ರ ಸಾಯಕಿಲ್ವಾ? ಕೊಡಕಿಲ್ಲ, ಓಗು.”

“ಕೊಡಕಿಲ್ಲ, ಮಾಡಕಿಲ್ಲ. ಮಡಿಕ್ಕಂಡ್ ಪೂಜೆ ಮಾಡು!” ಎಂದು ಗೋವಿಂದಯ್ಯ ಸಿಡುಕಿಕೊಂಡು ಹೊರಟರು.

ಅಂದು ಮಧ್ಯಾಹ್ನ ಪುಟ್ಟಮಲ್ಲಪ್ಪ ಅಚ್ಚನ್ನು ಕೈಗೆತ್ತಿಕೊಂಡರು. ಎರಡು ಹೋಳುಗಳನ್ನು ಬಿಡಿಸಿ ಒಳಗಿನ ಟೊಳ್ಳಿನಲ್ಲಿ ಹೆಬ್ಬೆರಳು ಆಡಿಸಿದರು. ಅಚ್ಚು ಮಾಡಿ ಉಳಿದಿದ್ದ ಬಳಪದ ಕಲ್ಲಿನ ತುಂಡು ಅದೇ ಗೂಡಿನಲ್ಲಿತ್ತು. ಅದನ್ನು ತೂಗಿ ನೋಡಿದರು. ಟೊಳ್ಳಿನಲ್ಲಿ ಸೀಸವೇ ಏಕೆ ಇರಬೇಕು? ಹ್ಯಾಕ್ಸಾ ಬ್ಲೇಡು ತೆಗೆದುಕೊಂಡು ಕಲ್ಲನ್ನೇ ತಲೆಯ ಆಕಾರಕ್ಕೆ ಕೆರೆಯತೊಡಗಿದರು. ಬಲ ಮುಂಗೈ ಸೋತಾಗ ಎಡಗೈಗೆ ಬದಲಾಯಿಸಿದರು. ಮೊದಲನೆಯದು ಗಾಳ ಕೂರುವ ಗೆರೆಯಲ್ಲಿ ಎರಡಾಯಿತು. ಎರಡನೆಯದೂ ಹಾಗೆಯೇ ಒಡೆಯಿತು. ಮೂರನೆಯದಕ್ಕೆ ಸೀಸಕ್ಕಿಂತ ಮೂರರಷ್ಟು ದಪ್ಪ ಬಿಟ್ಟರು. ಗಾಳವನ್ನು ಗೆರೆಯಲ್ಲಿ ಕೂರಿಸಿ ಎಂ-ಸೀಲ್ ಅಂಟು ತುಂಬಿ, ಮೋಟಾರಿನ ತಾಮ್ರದ ತಂತಿಯಿಂದ ಕತ್ತಿಗೆ ಸುತ್ತು ಹಾಕಿದರು. ಬೆಂಕಿಯಿಲ್ಲ, ಹೊಗೆಯಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ಹಿತ್ತಲು ದಾಟಿತ್ತು. ಮಂಗಳಗೌರಿ ತಂದಿಟ್ಟ ಟೀ ಪಕ್ಕದಲ್ಲೇ ಇತ್ತು. ಲೋಟದಲ್ಲಿ ಉಂಗುರವೇಳದೆ ಕೆನೆ ಕಟ್ಟಿತ್ತು.

ಐದು ತಲೆ ಮಾಡಿಕೊಂಡು ಕೆರೆ ಕೆಳಗಿನ ಬೀದಿಗೆ ತಾವೇ ಹೋದರು. ಗೋವಿಂದಯ್ಯ ಒಂದನ್ನು ಎತ್ತಿ ನೋಡಿ ನಕ್ಕರು.

“ಕಲ್ ಕಟ್ಟಿ ಮೀನ್ ಇಡಿಯದಾ? ನಮ್ ತಾತ ಮಾಡ್ತಿದ್ದ ಕೆಲ್ಸ ಕಣ್ಲಾ ಇದು. ಎಲ್ಡ್ ವರ್ಷ ಮುಂದಕ್ಕ ಓಗಿ, ನೂರ್ ವರ್ಷ ಇಂದಕ್ ಬಂದ್ಬುಟ್ಟಲ್ಲ!”

“ಬುಟ್ ನೋಡು. ಆಮೇಲ್ ನಗು.”

“ನೋಡಿ ಬಂದ್ ಯೋಳೋ ಕೆಲ್ಸ ನಂಗ ಸಾಕಾಯ್ತು. ನಡಿ, ನೀನೇ ನೋಡೀಯಂತ.”

ಪುಟ್ಟಮಲ್ಲಪ್ಪ ಒಂದು ಹೆಜ್ಜೆ ಹಿಂದಿಟ್ಟರು. ಆಮೇಲೆ, “ಓಗನ ನಡಿ,” ಎಂದರು.

ಕೆರೆಯ ನೀರು ತೂಬಿನ ಬಳಿ ತಿಳಿಯಾಗಿತ್ತು. ಜಾಲಿ ಬೊಡ್ಡೆಗಳು ನೀರಿನಿಂದ ಅರ್ಧ ತಲೆಯೆತ್ತಿದ್ದವು. ಗೋವಿಂದಯ್ಯ ಮಡಕೆಯಿಂದ ಒಂದು ಮೀನುಮರಿ ತೆಗೆದು ತುಟಿಗೆ ಚುಚ್ಚಿದರು. ಪುಟ್ಟಮಲ್ಲಪ್ಪ ಅದನ್ನು ನೋಡಲಾರದೆ ಮುಖ ತಿರುಗಿಸಿ, ಗಾಳ ನೀರಿಗೆ ಬಿದ್ದ ಸದ್ದಿಗೆ ತಟ್ಟನೆ ಬಗ್ಗಿದರು.

ಎರಡು ವರ್ಷ ಗೋಡೆಯ ಮೇಲೆ ಬರೆದದ್ದು ಕಣ್ಣ ಮುಂದೆ ಇಳಿಯುತ್ತಿತ್ತು. ಸೀಸದಷ್ಟು ಬೇಗ ಇಳಿಯಲಿಲ್ಲ. ಕಲ್ಲಿನ ತಲೆ ನಿಧಾನವಾಗಿ ಹೋಯಿತು, ಮರಿ ಅದನ್ನು ಹೊತ್ತುಕೊಂಡೇ ಈಜುತ್ತಿತ್ತು. ಮೊನೆ ಮೇಲ್ಮುಖವಾಗಿತ್ತು.

“ವಾರೆ ಇಳೀತದ,” ಎಂದರು ಪುಟ್ಟಮಲ್ಲಪ್ಪ. “ನೀ ನೆಟ್ಟಗೆ ಅಂದಿದ್ದೆ.”

“ಸುಮ್ಕಿರ್ಲಾ.”

“ಎಡಗೆನ್ನೆ ಇನ್ನೊಸಿ ಕೆರೀಬೇಕು. ಎಳಿ, ಎಳಿ ಈಗ.”

“ಸುಮ್ಕಿರು ಅಂದ್ರ! ಇಲ್ಲಿ ನಿನ್ ಚಡಪಡಿಕೆ ನಡೆಯಕಿಲ್ಲ.”

ಮೊದಲನೆಯ ತಲೆ ಬೊಡ್ಡೆಗೆ ತಾಗಿ ಒಡೆಯಿತು. ಎರಡನೆಯದೂ ಒಡೆಯಿತು. ಗೋವಿಂದಯ್ಯ ಬೈದುಕೊಂಡು ಮೂರನೆಯದನ್ನು ಕಟ್ಟಿದರು. ಅದು ಎರಡು ಬೊಡ್ಡೆಗಳ ಸಂದಿಯಲ್ಲಿ ಇಳಿದು, ಇನ್ನೂ ತಳ ಮುಟ್ಟುವ ಮೊದಲೇ ನೀರು ಒಳಗಿನಿಂದ ಮಗುಚಿದ ಹಾಗಾಯಿತು. ದಾರ ಬಿಗಿಯಿತು. ಗೋವಿಂದಯ್ಯನವರ ಕಾಲು ಕೆಸರಿನಲ್ಲಿ ಜಾರಿತು. ಪುಟ್ಟಮಲ್ಲಪ್ಪ ಅವರ ಸೊಂಟದ ಬಟ್ಟೆ ಹಿಡಿದು ಏರಿಗೆ ಎಳೆದರು. ಮೊಣಕೈಯುದ್ದದ ಕೊರವ ದಡದ ಮೇಲೆ ಬಿದ್ದು ಬಡಿದಾಡಿತು.

“ನಾನ್ ಯೋಳ್ನಿಲ್ವಾ, ನಿಧಾನುಕ್ ಇಳುದ್ರ ಮೀನಿಗ ಆಸೆ ಜಾಸ್ತಿ ಅಂತ!” ಎಂದರು ಗೋವಿಂದಯ್ಯ. ಅವರು ಹಾಗೆ ಎಂದೂ ಹೇಳಿರಲಿಲ್ಲ.

ಪುಟ್ಟಮಲ್ಲಪ್ಪ ಮೀನನ್ನು ನೋಡುತ್ತಿರಲಿಲ್ಲ. “ತಲೆ ಬುಡ್ಸಿ ಕೊಡು,” ಎಂದರು.

“ಮೀನ್ ಮುಟ್ಟಿದ್ದು ಕಣ್ಲಾ ಅದು. ರಕ್ತ ಮೆತ್ಕಂಡದ.”

“ಕೊಡು ಅಂದ್ನಲ್ಲ.”

ಗೋವಿಂದಯ್ಯ ಬಿಡಿಸಿ ಕೊಟ್ಟರು. ಪುಟ್ಟಮಲ್ಲಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಕೆನ್ನೆಯಲ್ಲಿ ಹಲ್ಲಿನ ಗೀರುಗಳು. ತಂತಿಯ ಸುತ್ತು ಒಂದು ಕಡೆ ಸಡಿಲ. ಕಣ್ಣಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಒಡೆಯುವುದು ಎಲ್ಲಿಂದ ಎಂಬುದು ಮೊದಲ ಸಲ ಕಾಣುತ್ತಿತ್ತು. ಕೆರೆಯ ನೀರಿನಲ್ಲಿ ಒಮ್ಮೆ ಅದ್ದಿ, ಅಂಗಿಯ ಜೇಬಿಗೆ ಹಾಕಿಕೊಂಡು ಬೇಗಬೇಗ ಮನೆಯ ದಾರಿ ಹಿಡಿದರು.

ಗುರುಸಿದ್ದಮ್ಮ ಜಗಲಿಯ ಮೇಲೆ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ಮಗ ಅವರ ಮುಂದೆ ಹಾದು ಹಿತ್ತಲ ಕಡೆಗೆ ತಿರುಗಿದರು.

“ಜೇಬಲ್ಲಿ ಏನದು?”

ಪುಟ್ಟಮಲ್ಲಪ್ಪ ನಿಂತರು. ಅಂಗಿಯ ಮೇಲೆ ಒದ್ದೆ ಗುರುತಿತ್ತು.

“ಗಾಳ.”

“ಮೀನ್ ಮುಟ್ಟಿದ್ದಾ?”

“ಊಂ ಕಣವ್ವ.”

ಮೊರ ಎರಡು ಸಲ ಮೇಲೆದ್ದು ಇಳಿಯಿತು. ಹೊಟ್ಟು ಬೀದಿಯ ಗಾಳಿಗೆ ಹಾರಿಹೋಯಿತು.

“ಎಲ್ಲಿಗ ಓಯ್ತಿದ್ದಿ?”

“ಕೊಟ್ಗೇಗ.”

“ಕೊಟ್ಗೇಲಿ ಕರ ಅದ,” ಎಂದರು ಗುರುಸಿದ್ದಮ್ಮ. “ಕೈ ತೊಳ್ಕ ಬಂದು ಇಲ್ಲೇ ಕೂತ್ಕ.”

ಆಮೇಲೆ ಹುರುಳಿಯ ರಾಶಿಯನ್ನು ಸೆರಗಿನಿಂದ ಬಳಿದುಕೊಂಡು, ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಆಚೆಗೆ ಸರಿದರು.